ಬಿಸಿಲಿಗೆ ಬಿಡದ ಮಗಳು

ವಸುಧಾಳ ಬಗ್ಗೆ ನಾಗಪುರದ ಕನ್ನಡದ ಮಂದಿ ಈಗಲೂ ನಾಲಿಗೆ ಹರಿಯಬಿಡುತ್ತಾರೆ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಸೇರಿದ ಹೆಂಗಸರು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ, ‘ಆಕಿನೇ ಮಗಳ ಕಣ್ಣು ಕಳದ್ಲು’ ಎಂದು ಸಲೀಸಾಗಿ ಹೇಳಿ ಸೀತಾಬರ್ಡಿಯ ಸೀರೆ ಅಂಗಡಿಯ ಮಾತಿಗೆ ಹೋಗಿಬಿಡುತ್ತಾರೆ. ಹೇಳುವವರ ಗಂಟೇನು ಹೋಗುತ್ತದೆ? ಆ ಕಣ್ಣಿಗಾಗಿ ಅವಳು ಹೇಗೆ ಜೀವ ತೇಯ್ದಳೆಂದು ಕಂಡವರ ಬಾಯಲ್ಲಿ ಆ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ಜೀವ ತೇಯ್ದದ್ದೂ ನಿಜ, ಕಣ್ಣು ಹೋದದ್ದೂ ನಿಜ. ಹೇಳುವುದಾದರೆ ಎರಡನ್ನೂ ಹೇಳಬೇಕು.

ವಸುಧಾ ಧಾರವಾಡದವಳು. ಅವಳ ಅಣ್ಣ ದತ್ತು ಕೋರ್ಟಿನಲ್ಲಿ ಟೈಪಿಸ್ಟನಾಗಿದ್ದ. ಶಾಲೆಯ ದಿನಗಳಲ್ಲೇ ಅವನ ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ಚಷ್ಮಾ ಕೂತಿತ್ತು. ವರ್ಷ ವರ್ಷವೂ ಅದು ದಪ್ಪವಾಗುತ್ತ ಹೋಯಿತು, ಮನೆಯವರು ಚೇಷ್ಟೆ ಮಾಡುತ್ತ ಹೋದರು. ಒಂದು ರವಿವಾರ ಓಣಿಯ ಹುಡುಗರ ಕ್ರಿಕೆಟ್ಟಿಗೆ ಅಂಪೈರ್ ಆಗಿ ನಿಂತಿದ್ದವನ ಕಪಾಳಕ್ಕೆ ಚೆಂಡು ಬಡಿಯಿತು. ಏನೂ ಆಗಿಲ್ಲ ಎಂದು ಅವನೇ ನಕ್ಕ. ಆಮೇಲೆ ಕಣ್ಣೆದುರು ಕರಿ ಎಳೆಗಳು ತೇಲಾಡತೊಡಗಿದ್ದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ಕಣ್ಣಿನ ಹಿಂದಿನ ಪರದೆ ಹರಿದು ಕಳಚಿಕೊಂಡಿತ್ತು. ಹುಬ್ಬಳ್ಳಿಯ ಡಾಕ್ಟರು ಮನೆಯವರ ಮೇಲೆ ರೇಗಿದರು: ‘ಇಷ್ಟು ನಂಬರ್ ಇದ್ದಾವ್ರು ಚೆಂಡಿನ ಹತ್ರ ಸುಳೀಬಾರದು ಅಂತ ನಿಮಗ ಯಾರೂ ಹೇಳಲಿಲ್ಲೇನು?’ ಯಾರೂ ಹೇಳಿರಲಿಲ್ಲ. ಕೆಲವು ವರ್ಷಗಳಲ್ಲಿ ಇನ್ನೊಂದು ಕಣ್ಣೂ ಅದೇ ದಾರಿ ಹಿಡಿಯಿತು.

ಆಗ ವಸುಧಾ ಕಾಲೇಜಿಗೆ ಹೋಗುತ್ತಿದ್ದಳು. ಅಣ್ಣನನ್ನು ಬಚ್ಚಲಿಗೆ, ಗುಡಿಗೆ, ಪೆನ್ಶನ್ ಆಫೀಸಿಗೆ ಕೈಹಿಡಿದು ಕರೆದೊಯ್ಯುವ ಕೆಲಸ ಅವಳ ಪಾಲಿಗೆ ಬಂತು. ಬೆಳಿಗ್ಗೆ ಎದ್ದವನು ಮೊದಲು ಕೇಳುತ್ತಿದ್ದದ್ದು ಒಂದೇ: ‘ಬಿಸಿಲು ಬಿದ್ದದೇನ ವಸೂ?’ ಮದುವೆಯಾಗಿ ಮನೆ ಬಿಡುವಾಗ ಅವಳು ಅತ್ತದ್ದು ತಾಯಿತಂದೆಗಳಿಗಾಗಿ ಅಲ್ಲ, ಆ ಪ್ರಶ್ನೆಗೆ ಇನ್ನು ಉತ್ತರ ಕೊಡುವವರು ಯಾರು ಎಂದು.

ಗಂಡ ವಿಜಯೇಂದ್ರ ನಾಗಪುರದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಧರಮಪೇಠದ ಹಳೆಯ ಮನೆಯೊಂದರ ಮಾಳಿಗೆಯಲ್ಲಿ ಬಾಡಿಗೆಯ ಮೂರು ಕೋಣೆಗಳು. ವಸುಧಾಳ ಕೈಯಲ್ಲಿ ಒಂದು ವಿದ್ಯೆಯಿತ್ತು, ಕಸೂತಿ. ಇಳಕಲ್ಲ ಸೀರೆಯ ಎಳೆ ಎಣಿಸಿ ಎಣಿಸಿ ಹಾಕುವ ಧಾರವಾಡದ ಕಸೂತಿ. ಗಂಟು ಇರಬಾರದು, ಹಿಂದೆ ಮುಂದೆ ಒಂದೇ ಸಮ ಕಾಣಬೇಕು. ಅವಳ ಗೋಪುರ, ತುಳಸಿಕಟ್ಟೆಗಳನ್ನು ನೋಡಲು ಮರಾಠಿ ಹೆಂಗಸರೂ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸುಮೇಧಾ ಹುಟ್ಟಿದಳು, ಮೂರು ವರ್ಷದ ಮೇಲೆ ರಘುನಂದನ. ಎಲ್ಲವೂ ಬರೋಬರ್ ನಡೆದಿತ್ತು.

ತೊಂಬತ್ತನಾಲ್ಕರಲ್ಲಿ, ಸುಮೇಧಾ ಒಂದನೆಯ ಇಯತ್ತೆಯಲ್ಲಿದ್ದಾಗ, ಶಾಲೆಯ ಬಾಯಿ, ಅಂದರೆ ಟೀಚರು, ವಸುಧಾಳನ್ನು ಕರೆಸಿ, ನಿಮ್ಮ ಹುಡುಗಿ ಬರೆದುಕೊಳ್ಳಲು ಪ್ರತಿ ಸಲ ಎದ್ದು ಹಲಗೆಯ ಹತ್ತಿರ ಬರುತ್ತಾಳೆ ಎಂದರು. ಸರಕಾರಿ ದವಾಖಾನೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟು ನೋಡಿದ ಡಾಕ್ಟರು ಮೈನಸ್ ಎರಡು ಎಂದರು. ವಸುಧಾ ದವಾಖಾನೆಯ ಮೆಟ್ಟಿಲ ಮೇಲೆ ಕೂತು, ಬಂದು ಹೋಗುವವರು ನಿಂತು ನೋಡುವ ಹಾಗೆ ಅತ್ತಳು. ಪಕ್ಕದಲ್ಲಿ ಆರು ವರ್ಷದ ಹುಡುಗಿ ತಾನು ಏನು ತಪ್ಪು ಮಾಡಿದೆನೆಂದು ತಿಳಿಯದೆ ತಾಯಿಯ ಸೆರಗು ಹಿಡಿದು ನಿಂತಿತ್ತು.

‘ಅಳೂದೇನದ ಇದರಾಗ? ನಮ್ಮ ಆಫೀಸಿನಾಗ ಅರ್ಧ ಮಂದಿ ಚಷ್ಮಾದಾವ್ರೇ ಇದ್ದಾರ,’ ಎಂದ ವಿಜಯೇಂದ್ರ.

‘ನೀವು ನಮ್ಮ ದತ್ತಣ್ಣನ್ನ ಕುರುಡಾದ ಮ್ಯಾಲೆ ನೋಡಿದಾವ್ರು. ನಾ ಮೊದಲಿಂದ ನೋಡೇನಿ,’ ಎಂದಳು ವಸುಧಾ. ‘ಬಂದ ನಂಬರ್ ಬಂತು. ಇನ್ನ ಏರಬಾರದು. ಅಷ್ಟ ನನ್ನ ಕೆಲಸ.’

ಏರದಂತೆ ಮಾಡುವುದು ಹೇಗೆಂದು ಅವಳು ಡಾಕ್ಟರಿಗೇ ಕೇಳಿದ್ದಳು. ಏರುವುದಿದ್ದರೆ ಏರುತ್ತದೆ, ಗಜ್ಜರಿ ತಿನ್ನಿಸಿ ಎಂದು ಆತ ಮುಂದಿನ ಪೇಶಂಟನ್ನು ಕರೆದಿದ್ದ. ಆತನದೂ ತಪ್ಪೆನ್ನುವಂತಿಲ್ಲ, ಆ ಕಾಲಕ್ಕೆ ಊರಿನಲ್ಲಿ ಯಾರಿಗೂ ಹೆಚ್ಚು ತಿಳಿದಿರಲಿಲ್ಲ. ತಿಳಿಯದವರು ಸುಮ್ಮನೆ ಕೂತರೆ ನಡೆಯುತ್ತದೆ, ತಾಯಿಯಾದವಳು ಕೂರಲಾದೀತೇ? ವಸುಧಾ ತನಗೆ ತಿಳಿದದ್ದನ್ನು ಮಾಡಿದಳು. ಅವಳಿಗೆ ತಿಳಿದದ್ದೆಂದರೆ ದತ್ತಣ್ಣ ಹೊರಗೆ ಹೋದ, ಬಿಸಿಲಲ್ಲಿ ನಿಂತ, ಚೆಂಡು ಬಿತ್ತು, ಕಣ್ಣು ಹೋಯಿತು ಎಂಬುದು.

ಹಾಗಾಗಿ ಸುಮೇಧಾ ಹೊರಗೆ ಹೋಗುವುದು ನಿಂತಿತು. ಸಂಜೆ ಅಂಗಳದಲ್ಲಿ ಮಕ್ಕಳು ಕಿರುಚಾಡುವಾಗ ಅವಳು ಮಾಳಿಗೆಯ ಜಾಳಿಗೆಯ ಹಿಂದೆ ನಿಂತು ಕೇಳಬೇಕು, ಅಷ್ಟೇ. ಶಾಲೆಯ ಪಿ.ಟಿ. ತಾಸಿಗೆ ಚೀಟಿ ಕೊಟ್ಟು ಕ್ಲಾಸಿನೊಳಗೇ ಕೂಡಿಸಿದರು. ಟಿವಿಗೆ ಹೊದಿಕೆ ಬಿತ್ತು. ಮುಂಜಾನೆ ತ್ರಿಫಲಾ ನೀರಿನಿಂದ ಕಣ್ಣು ತೊಳೆಯುವುದು, ಆಮೇಲೆ ಗಜ್ಜರಿಯ ರಸ. ಆ ಹುಡುಗಿ ಇವತ್ತಿಗೂ ಗಜ್ಜರಿಯ ವಾಸನೆ ಬಂದರೆ ಎದ್ದು ಹೋಗುತ್ತಾಳೆ.

ಇನ್ನು ನಾಗಪುರದ ಬೇಸಿಗೆ. ಏಪ್ರಿಲ್ ಬಂತೆಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಕೂಲರ್ ಹಚ್ಚಿ, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ನೀರು ಚಿಮುಕಿಸಿ, ಕೋಣೆಯನ್ನು ಕತ್ತಲು ಮಾಡಿಕೊಂಡು ಜನ ಬಿದ್ದುಕೊಳ್ಳುತ್ತಾರೆ. ಹೊರಗೆ ಕಾಲಿಟ್ಟ ಮಕ್ಕಳಿಗೆ ಪ್ರತಿ ಬಾಗಿಲಿನಿಂದಲೂ ಒಂದೇ ಗದರಿಕೆ: ‘ಲೂ ಲಗ್ ಜಾಯೇಗೀ’, ಬಿಸಿಗಾಳಿ ಬಡಿದೀತು. ಬೇರೆ ಮನೆಗಳಲ್ಲಿ ಸಂಜೆಗೆ ತಟ್ಟಿ ಸರಿಯುತ್ತಿತ್ತು, ಮಕ್ಕಳು ಹೊರಬೀಳುತ್ತಿದ್ದವು. ವಸುಧಾಳ ಮನೆಯ ತಟ್ಟಿ ಮಾತ್ರ ಮಳೆ ಬೀಳುವವರೆಗೂ ಹಾಗೇ ಇರುತ್ತಿತ್ತು. ಆ ತಣ್ಣನೆಯ ಕತ್ತಲಲ್ಲಿ, ಮಗಳಿಗೆ ಹೊತ್ತು ಹೋಗಲೆಂದು, ಆಟವಿಲ್ಲದ ಕೈಗೆ ಒಂದು ಕೆಲಸವಿರಲೆಂದು, ಅವಳು ಕಸೂತಿ ಕಲಿಸಿದಳು.

ಟಿವಿ ಕಣ್ಣಿಗೆ ಕೆಟ್ಟದ್ದು ಎಂದು ನಂಬಿದ ಹೆಂಗಸು, ಮಗಳ ಮೂಗಿನಿಂದ ಒಂದು ಗೇಣು ದೂರದಲ್ಲಿ ಸೂಜಿ ಹಿಡಿಸಿ ಎಳೆ ಎಣಿಸಲು ಕೂಡಿಸಿದಳು. ಧಾರವಾಡದ ಯಾವ ತಾಯಿಯೂ ಇದರಲ್ಲಿ ಕೆಟ್ಟದ್ದು ಕಾಣುತ್ತಿರಲಿಲ್ಲ. ಕಸೂತಿ ಅಂದರೆ ಮನೆತನದ ಮರ್ಯಾದೆ, ಹೆಣ್ಣುಮಗಳ ಬೆರಳಿನ ಲಕ್ಷಣ. ಸುಮೇಧಾ ಬೇಗ ಕಲಿತಳು. ಒಂಬತ್ತು ವರ್ಷಕ್ಕೆ ಆನೆ ಅಂಬಾರಿ ಹಾಕಿದಳು, ಹಿಂದೆ ಮುಂದೆ ಒಂದೇ ಸಮ. ವಸುಧಾ ಅದನ್ನು ಧಾರವಾಡಕ್ಕೆ ಕಳಿಸಿದಳು. ದತ್ತು ಬೆರಳಿನಿಂದ ತಡವಿ ನೋಡಿ, ‘ಛಲೋ ಆಗೇದ. ಆದರ ಹುಡುಗಿ ಆಡಲಿಕ್ಕೆ ಯಾವಾಗ ಹೋಗ್ತದ?’ ಎಂದು ಫೋನಿನಲ್ಲಿ ಕೇಳಿದ. ವಸುಧಾ ಮಾತು ಬೇರೆ ಕಡೆಗೆ ತಿರುಗಿಸಿದಳು.

ರಘುನಂದನನ ಕಥೆಯೇ ಬೇರೆ. ಅವನನ್ನು ಹಿಡಿಯುವುದು ಅವರಪ್ಪನಿಂದಲೂ ಆಗಲಿಲ್ಲ. ಊಟದ ತಾಟು ಸರಿಸಿದವನೇ ಹಿಂದಿನ ಗೋಡೆ ಹಾರಿ ಮಾಯ; ಮೇ ತಿಂಗಳ ಉರಿಯಲ್ಲಿ, ಲೂ ಬಡಿಯದಿರಲೆಂದು ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಂಡು ಇಡೀ ಧರಮಪೇಠ ಸುತ್ತಿ, ಹಂಚಿನಂತೆ ಕಪ್ಪಾಗಿ ಮನೆಗೆ ಬರುತ್ತಿದ್ದ. ‘ಹಾಳಾಗಿ ಹೋಗು, ಬಿಸಿಲಾಗ ಬಿದ್ದು ಸಾಯಿ’ ಎಂದು ಬೈದು ವಸುಧಾ ಮತ್ತೆ ಮಗಳ ಕಡೆಗೆ ತಿರುಗುತ್ತಿದ್ದಳು. ಎರಡು ಮಕ್ಕಳಿಗೂ ಸಮನಾಗಿ ಹೆದರುವಷ್ಟು ಶಕ್ತಿ ಅವಳಲ್ಲಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ನಂಬರು ಏರಿತು. ಎರಡಿದ್ದದ್ದು ಮೂರಾಯಿತು, ನಾಲ್ಕು ದಾಟಿತು. ಪ್ರತಿ ಸಲ ದವಾಖಾನೆಯಿಂದ ಬಂದ ದಿನ ಮನೆಯಲ್ಲಿ ಸೂತಕದ ಕಳೆ. ಒಲೆ ಹೊತ್ತುತ್ತಿರಲಿಲ್ಲ, ವಿಜಯೇಂದ್ರ ಹೊರಗಿನಿಂದ ಪೋಹೆ ಕಟ್ಟಿಸಿಕೊಂಡು ಬರುತ್ತಿದ್ದ. ವಸುಧಾ ದೇವರ ಮುಂದೆ ಕೂತು ಅಳುತ್ತಿದ್ದಳು. ಸುಮೇಧಾ ಬಾಗಿಲ ಹಿಂದೆ ನಿಂತು ಅದನ್ನು ನೋಡುತ್ತಿದ್ದಳು.

ಆಗ ಯಾರೋ ಹಳೆಯ ಪೇಟೆ ಮಹಾಲಿನ ಖೇಡೀಕರ ಕಾಕಾನ ಚಷ್ಮಾ ಅಂಗಡಿಯ ಹೆಸರು ಹೇಳಿದರು. ಹಳೆಯ ವಾಡೆಯೊಂದರ ಕೆಳಗೆ ಇಕ್ಕಟ್ಟಾದ ಅಂಗಡಿ, ಗೋಡೆಯ ಮೇಲೆ ನಾಗರೀ ಅಕ್ಷರಗಳ ಒಂದೇ ಒಂದು ಹಲಗೆ. ಕಾಕಾ ಒಳ್ಳೆಯ ಮನುಷ್ಯ, ಮೋಸಗಾರನಲ್ಲ; ತಾನು ಹೇಳುವುದನ್ನು ತಾನೇ ಪೂರಾ ನಂಬಿದ್ದ. ಅದಕ್ಕೇ ಅವನ ಮಾತು ಇನ್ನೂ ಅಪಾಯದ್ದು. ‘ಈ ಡಾಕ್ಟರ ಮಂದಿ ಪೂರ್ತಿ ನಂಬರು ಕೊಟ್ಟುಬಿಡುತ್ತಾರೆ ಬಹಿಣೀ,’ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದ. ‘ಕಣ್ಣು ಆಲಸಿಯಾಗುತ್ತದೆ, ಇನ್ನೂ ಕೇಳುತ್ತದೆ. ನಾನು ಒಂದು ನಂಬರು ಕಡಿಮೆಯದೇ ಹಾಕಿಕೊಡುತ್ತೇನೆ. ಕಣ್ಣು ತಾನೇ ದುಡಿಯಲಿ.’ ಅಣ್ಣನ ಚಷ್ಮಾ ದಪ್ಪವಾಗುತ್ತ ಹೋದದ್ದನ್ನು ಕಂಡಿದ್ದ ವಸುಧಾಳಿಗೆ ಈ ಮಾತು ಎದೆಗೆ ನಾಟಿತು. ಅಂದಿನಿಂದ ದವಾಖಾನೆ ಬಂದ್. ವರ್ಷಕ್ಕೊಮ್ಮೆ ಮಹಾಲಿಗೆ.

ಮೊದಲ ವರ್ಷವೇ ಪವಾಡವಾಯಿತು. ಕಾಕಾ ಹಲಗೆ ಓದಿಸಿದ. ಸುಮೇಧಾ ಕೊನೆಯ ಸಾಲಿನವರೆಗೆ ನೀರು ಕುಡಿದಂತೆ ಓದಿದಳು. ನಂಬರು ಏರಿರಲಿಲ್ಲ. ಮುಂದಿನ ವರ್ಷವೂ ಅಷ್ಟೇ. ವಸುಧಾ ಟೇಕಡಿ ಗಣಪತಿಗೆ ಹೋಗಿ ಪೇಢೆ ಹಂಚಿದಳು, ಕನ್ನಡ ಸಂಘದ ಹೆಂಗಸರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಈಗ ಅವಳನ್ನು ಆಡಿಕೊಳ್ಳುವ ಇವೇ ಹೆಂಗಸರಲ್ಲಿ ಇಬ್ಬರು ಮೂವರು ಅವತ್ತು ಕಾಕಾನ ಅಂಗಡಿಯ ದಾರಿ ಕೇಳಿಕೊಂಡು ತಮ್ಮ ಮಕ್ಕಳನ್ನೂ ಕರೆದೊಯ್ದಿದ್ದರು. ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಆ ಎರಡು ವರ್ಷ ಮನೆಯಲ್ಲಿ ನಗು ಇತ್ತು. ಸುಮೇಧಾಳ ಅಂಕಗಳು ಮಾತ್ರ ಇಳಿಯುತ್ತ ಹೋದವು. ಗಣಿತದ ಬಾಯಿ ‘ಮಂದ ಹುಡುಗಿ’ ಎಂದರು. ಹುಡುಗಿ ಹಲಗೆಯ ಕಡೆ ನೋಡುವುದನ್ನೇ ಬಿಟ್ಟು ಪಕ್ಕದವಳ ವಹಿಯಿಂದ ಬರೆದುಕೊಳ್ಳುತ್ತಿದ್ದಳು. ವಸುಧಾಳಿಗೆ ಅಂಕ ಯಾವ ಲೆಕ್ಕ? ನಂಬರು ನಿಂತಿತ್ತಲ್ಲ.

ಹನ್ನೆರಡನೆಯ ವರ್ಷದಲ್ಲಿ ಶಾಲೆಗೆ ಕಣ್ಣಿನ ಶಿಬಿರ ಬಂತು. ಆ ಡಾಕ್ಟರರ ಹಲಗೆಯಲ್ಲಿ ಅಕ್ಷರಗಳಿರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿತ್ತು. ಯಾವ ಕಡೆ ತಿರುಗಿದೆ ಎಂದು ಕೈಯಿಂದ ತೋರಿಸಬೇಕು. ಸುಮೇಧಾ ಚಷ್ಮಾ ಹಾಕಿಕೊಂಡೇ ಮೊದಲ ಸಾಲಿನಲ್ಲಿ ತಪ್ಪಿದಳು. ದವಾಖಾನೆಗೆ ಕಳಿಸಿದರು. ಮೈನಸ್ ಎಂಟೂವರೆ.

ಕಾಕಾನ ಹಲಗೆಯನ್ನು ಅವಳು ಬಾಯಿಪಾಠ ಮಾಡಿದ್ದಳು. ತಾಯಿ ಕಾಕಾನ ಸಂಗಡ ಮಾತಾಡುತ್ತ ನಿಂತಾಗ ಬೆಂಚಿನ ಮೇಲೆ ಕೂತು, ಬೇರೆ ಗಿರಾಕಿಗಳು ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಕಲಿತಿದ್ದಳು. ವಸುಧಾ ಮಗಳಿಗೆ ಕೈಯೆತ್ತಿದ್ದು ಜೀವಮಾನದಲ್ಲಿ ಅದೊಂದೇ ಸಲ. ಕೆನ್ನೆಯ ಮೇಲೆ ಬೆರಳು ಮೂಡುವ ಹಾಗೆ ಹೊಡೆದಳು.

‘ಯಾಕ ಸುಳ್ಳು ಹೇಳ್ದಿ? ಯಾಕ?’

‘ಕಾಣಸೂದಿಲ್ಲ ಅಂದ್ರ ನೀ ಅಳ್ತಿದ್ದಿ,’ ಎಂದಳು ಹುಡುಗಿ. ‘ಕಾಣಸ್ತದ ಅಂದ್ರ ಪೇಢೆ ತರ್ತಿದ್ದಿ.’

ವಸುಧಾ ಹೊಡೆದ ಕೈಯನ್ನೇ ಕಚ್ಚಿಕೊಂಡು ಕೂತಳು.

ಆಮೇಲೆ ಪೂರ್ತಿ ನಂಬರಿನ ಚಷ್ಮಾ ಬಂತು, ಹುಡುಗಿ ಮತ್ತೆ ಮುಂದಿನ ಬೆಂಚಿನ ಜಾಣೆಯಾದಳು. ಆದರೆ ತಟ್ಟಿ ಸರಿಯಲಿಲ್ಲ. ನಂಬರು ಏರಿದಂತೆ ಉದ್ದ ಬೆಳೆದ ಕಣ್ಣುಗುಡ್ಡೆಯ ಹಿಂದಿನ ಪರದೆ ತೆಳ್ಳಗಾಗಿದೆ, ಪೆಟ್ಟು ಬೀಳದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಹುಬ್ಬಳ್ಳಿಯಲ್ಲಿ ಕೇಳಿದ ಮಾತೇ ನಾಗಪುರದಲ್ಲೂ ಕೇಳಿದಂತಾಯಿತು. ಮೊದಲು ಸಂಜೆ ಅಂಗಳಕ್ಕೆ ಬಿಡುತ್ತಿರಲಿಲ್ಲ; ಈಗ ಮೇಲಿನ ಗಚ್ಚಿಗೂ ಬಿಡಲಿಲ್ಲ. ಸುಮೇಧಾಳೂ ಕೇಳುವುದನ್ನು ಬಿಟ್ಟಳು. ಓದಿದಳು, ಕಸೂತಿ ಹಾಕಿದಳು. ಕಾಲೇಜು ಸೇರುವ ಹೊತ್ತಿಗೆ ನಂಬರು ಹನ್ನೆರಡು ದಾಟಿತ್ತು.

ಎರಡು ಸಾವಿರದ ಆರರ ದೀಪಾವಳಿ. ಸುಮೇಧಾಳ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆಯತೊಡಗಿತು. ಪಟಾಕಿಯ ಬೆಳಕಿರಬೇಕು ಎಂದುಕೊಂಡಳು. ಪಟಾಕಿ ಮುಗಿದ ಮೇಲೂ ಮಿಂಚು ನಿಲ್ಲಲಿಲ್ಲ, ಕರಿ ಎಳೆಗಳು ತೇಲಿ ಬಂದವು. ಅವಳು ಹೇಳಲಿಲ್ಲ. ಸಣ್ಣವಳಿದ್ದಾಗ ಕಲಿತದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಕಣ್ಣಿನ ಮಾತು ಎತ್ತಿದರೆ ಅವ್ವ ಅಳುತ್ತಾಳೆ. ಮುಚ್ಚಿಟ್ಟರೆ ಮನೆ ನಗುತ್ತದೆ. ಕೆಳಗಿನಿಂದ ಕಪ್ಪು ಏರಿ ಅರ್ಧ ಕಣ್ಣು ಮುಚ್ಚಿದ ಮೇಲೆ ತಮ್ಮನಿಗೆ ಹೇಳಿದಳು. ರಘು ಓಡಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, ‘ಅವ್ವಾ, ತಾಯೀಗೆ ದತ್ತುಮಾಮಾನ ಗತಿ ಆಗ್ಲಿಕತ್ತದ’ ಎಂದ. ಅಕ್ಕನನ್ನು ಅವನು ಮರಾಠಿಯವರಂತೆ ತಾಯಿ ಎಂದೇ ಕರೆಯುತ್ತಿದ್ದ. ವಸುಧಾಳ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

ಶಸ್ತ್ರಕ್ರಿಯೆಯಾಯಿತು, ಮತ್ತೊಮ್ಮೆಯೂ ಆಯಿತು. ತಡವಾಗಿತ್ತು. ಬಲಗಣ್ಣಿಗೆ ಬೆಳಕು-ಕತ್ತಲೆಯ ಭೇದವಷ್ಟೇ ಉಳಿಯಿತು. ಎಡಗಣ್ಣಿನ ಪರದೆಯ ತೆಳುವಾದ ಜಾಗಗಳಿಗೆ ಲೇಸರ್ ಹೊಡೆದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದರು. ಇನ್ನು ವಸುಧಾಳ ಪ್ರಪಂಚವೆಲ್ಲ ಆ ಎಡಗಣ್ಣೊಂದೇ ಆಯಿತು. ಧಾರವಾಡದಿಂದ ದತ್ತು ಫೋನು ಮಾಡಿ, ‘ಇನ್ನರೆ ಆಕೀನ ಮನ್ಯಾಗ ಕೂಡಿಸಬ್ಯಾಡ ವಸೂ. ಒಳಗ ಕೂತು ಕೂತು ನಾ ಸತ್ತಂಗ ಆಗೇನಿ’ ಎಂದ.

ಎರಡು ಸಾವಿರದ ಒಂಬತ್ತರ ಮೇ. ತಪಾಸಣೆಗೆ ತಾಯಿ ಮಗಳು ಹೋದಾಗ ದವಾಖಾನೆಯಲ್ಲಿ ಹೊಸ ಡಾಕ್ಟರ್ ಬಾಯಿ ಇದ್ದಳು, ಎಳೆಯ ವಯಸ್ಸಿನವಳು. ಅವಳ ಮುಂದೆ ಒಬ್ಬ ತಾಯಿ ಐದಾರು ವರ್ಷದ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅಳುತ್ತಿದ್ದಳು. ಆ ಮಗುವಿಗೂ ಮೈನಸ್ ಎರಡು. ನಂಬರು ಸ್ವಲ್ಪ ಕಡಿಮೆ ಹಾಕಿಕೊಡಿ, ಏರುವುದು ನಿಲ್ಲುತ್ತದಂತೆ ಎಂದು ಬೇಡುತ್ತಿದ್ದಳು.

‘ಅದರಿಂದ ನಿಲ್ಲುವುದಿಲ್ಲ, ಉಲ್ಟಾ ಜಾಸ್ತಿ ಏರಿದರೂ ಏರಬಹುದು,’ ಎಂದು ಡಾಕ್ಟರ್ ಬಾಯಿ ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದಳು. ‘ಪೂರ್ತಿ ನಂಬರು ಹಾಕಿ. ಹತ್ತಿರದ ಕೆಲಸ ಒಂದೇ ಸಮ ಮಾಡಿಸಬೇಡಿ. ಮತ್ತೆ ದಿನಾ ಹೊರಗೆ ಬಿಡಿ, ಬೆಳಕಿನಲ್ಲಿ ಆಡಲಿ. ಬೇಸಿಗೆಯಲ್ಲಿ ಮುಂಜಾನೆ, ಸಂಜೆ, ಮರದ ನೆರಳಾದರೂ ಸರಿ. ಹೊರಗೆ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ಈ ದೋಷ ಕಡಿಮೆ ಅಂತ ಈಚೆಗೆ ಹೊರದೇಶಗಳಲ್ಲಿ ಸಾವಿರಾರು ಮಕ್ಕಳನ್ನು ನೋಡಿ ಬರೆದಿದ್ದಾರೆ. ಮನೆಯ ಕತ್ತಲಲ್ಲಿ ಮಾತ್ರ ಕೂಡಿಸಬೇಡಿ.’

ಬೆಂಚಿನ ಮೇಲೆ ಕೂತಿದ್ದ ವಸುಧಾಳಿಗೆ ಕೂಲರಿನ ಸದ್ದು ದೊಡ್ಡದಾದಂತೆ ಕೇಳಿತು. ಲಾವಂಚದ ವಾಸನೆ ಮೂಗಿಗೆ ಬಡಿಯಿತು. ಮಗಳ ಸರದಿ ಬಂದು, ಎಡಗಣ್ಣು ಸದ್ಯಕ್ಕೆ ಠೀಕ್ ಇದೆ ಎಂದು ಡಾಕ್ಟರ್ ಬಾಯಿ ಹೇಳಿದ ಮೇಲೂ ಅವಳು ಏಳಲಿಲ್ಲ.

‘ನಾನು ಇವಳನ್ನು ಹೊರಗೆ ಬಿಡಲಿಲ್ಲ,’ ಎಂದಳು ತನ್ನ ಹರಕು ಹಿಂದಿಯಲ್ಲಿ. ‘ಬಿಟ್ಟಿದ್ದರೆ?’

ಡಾಕ್ಟರ್ ಬಾಯಿ ಒಮ್ಮೆ ಮಗಳ ಮುಖ ನೋಡಿದಳು, ಒಮ್ಮೆ ತಾಯಿಯ ಮುಖ. ‘ನಿಮ್ಮ ಮನೆತನದಲ್ಲೇ ಈ ದೋಷ ಇದೆ. ಒಂದೇ ಮಗುವಿನ ಬಗ್ಗೆ ಹೀಗಾಗುತ್ತಿತ್ತು, ಹಾಗಾಗುತ್ತಿತ್ತು ಅಂತ ಯಾರೂ ಹೇಳಲಾರರು,’ ಎಂದಳು. ಅದು ನಿಜವಾದ ಮಾತೇ. ಆದರೆ ಬಿಡುಗಡೆಯ ಮಾತಲ್ಲ, ವಸುಧಾಳಿಗೆ ಅದು ಗೊತ್ತಾಯಿತು.

ಆಟೋದವನು ಬಿಸಿಗಾಳಿಗೆ ಎರಡೂ ಬದಿಯ ಪರದೆ ಇಳಿಬಿಟ್ಟಿದ್ದ. ಸುಮೇಧಾ ಎಡಗಡೆ ಕೂತಳು, ವಸುಧಾ ಎಂದಿನಂತೆ ಅವಳ ಬಲಕ್ಕೆ. ಆ ಬದಿಯಿಂದ ಏನೂ ಬಂದು ತಾಗಬಾರದೆಂದು ಮೂರು ವರ್ಷದಿಂದ ಅವಳು ಅಲ್ಲೇ ಕೂರುತ್ತಿದ್ದಳು.

‘ಅವ್ವಾ, ಒಂದು ಕೇಳ್ಲಿ?’ ಎಂದಳು ಸುಮೇಧಾ.

‘ಕೇಳು.’

‘ರಘೂಗ ಯಾಕ ಬಿಟ್ಟಿ?’

ರಘುನಂದನನಿಗೆ ಇವತ್ತಿಗೂ ಚಷ್ಮಾ ಇಲ್ಲ. ಅವನು ಗಂಡುಹುಡುಗ ಎನ್ನಬಹುದಿತ್ತು. ತುಡುಗ, ಗೋಡೆ ಹಾರುತ್ತಿದ್ದ ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ವಸುಧಾಳ ಬಾಯಿಂದ ಬಂದದ್ದು ಬೇರೆ.

‘ಅವನ ಮ್ಯಾಲೆ ನಂದು ಅಷ್ಟು ಲಕ್ಷ್ಯ ಇರಲಿಲ್ಲವ್ವಾ,’ ಎಂದಳು. ‘ಜೀವೆಲ್ಲಾ ನಿನ್ನ ಮ್ಯಾಲೇ ಇತ್ತು.’

ಸುಮೇಧಾ ತನ್ನ ಬದಿಯ ಪರದೆಯ ದಾರ ಬಿಚ್ಚಿ, ಅದನ್ನು ಮೇಲಕ್ಕೆ ಸುತ್ತತೊಡಗಿದಳು. ಮೇ ತಿಂಗಳ ಬಿಸಿಲು ಅವಳ ತೊಡೆಯ ಮೇಲೆ, ಕೈಮೇಲೆ, ಮುಖದ ಮೇಲೆ ಬಿತ್ತು.

‘ದೀದಿ, ಪರದಾ ಗಿರಾ ಲೋ, ಲೂ ಲಗ್ ಜಾಯೇಗೀ,’ ಎಂದ ಆಟೋದವನು.

‘ಲಗನೇ ದೋ,’ ಬಡಿದರೆ ಬಡಿಯಲಿ, ಎಂದಳು ಸುಮೇಧಾ.

ವಸುಧಾಳ ಕೈ ರೂಢಿಯಿಂದ ತಾನಾಗಿಯೇ ಎದ್ದಿತು, ಮಗಳ ಮುಖದ ಮುಂದಿನಿಂದ ಹೋಗಿ ಪರದೆ ಎಳೆಯಲು. ಅರ್ಧ ದಾರಿಯಲ್ಲಿ ನಿಂತು ಮಡಿಲಿಗೆ ಮರಳಿತು. ಸುಮೇಧಾಳಿಗೆ ಅದು ಕಾಣಲಿಲ್ಲ. ತಾಯಿ ಕೂತದ್ದು ಅವಳ ಕಣ್ಣಿಲ್ಲದ ಬದಿಗೆ.